ಅಪ್ಪಯ್ಯನ ಲ್ಯಾಪ್‌ಟಾಪಿಗೆ ಯಾವ ಫ್ರೀ ಆಂಟಿವೈರಸ್ ಹಾಕಲಿ?

ಪ್ರಶ್ನೆ: ಅಪ್ಪಯ್ಯನಿಗೆ 72 ವರ್ಷ. ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ ತೋಟದ ಮನೆ. ಅಲ್ಲಿ ಅವರು, ಆಯಿ ಇಬ್ಬರೇ. ನಾನು ಬೆಂಗಳೂರಿನಲ್ಲಿದ್ದೇನೆ. ನನ್ನ ಹಳೇ ಲ್ಯಾಪ್‌ಟಾಪನ್ನು ಅವರಿಗೆ ಕೊಟ್ಟಿದ್ದೇನೆ. ಅಡಿಕೆ ದರ, ಯೂಟ್ಯೂಬಿನಲ್ಲಿ ಯಕ್ಷಗಾನ, ಪಹಣಿ, ಕರೆಂಟ್ ಬಿಲ್ಲು, ಮೊಮ್ಮಗಳ ಜತೆ ವಿಡಿಯೋ ಕಾಲ್, ಇಷ್ಟೇ ಬಳಕೆ. ದುಡ್ಡು ಖರ್ಚಿಲ್ಲದೆ, ಅವರಿಗೆ ತಲೆಬಿಸಿ ಆಗದ ಹಾಗೆ ಯಾವ ಆಂಟಿವೈರಸ್ ಹಾಕಲಿ?

ಉತ್ತರ: ಯಾವುದನ್ನೂ ಹಾಕಬೇಡಿ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆಂಟಿವೈರಸ್ ಒಳಗೇ ಇದೆ. ಅದಕ್ಕೆ ದುಡ್ಡಿಲ್ಲ, ಅವಧಿ ಮುಗಿಯುವ ಪ್ರಶ್ನೆಯಿಲ್ಲ. ನಿಮ್ಮ ಅಪ್ಪಯ್ಯನ ಬಳಕೆಗೆ ಅದು ಧಾರಾಳ ಸಾಕು. ಹೊರಗಿನ ಫ್ರೀ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಬಂದ ಹೊಸಬ ಸುಮ್ಮನೆ ಕೂರುವುದಿಲ್ಲ: ‘ನಿಮ್ಮ ಕಂಪ್ಯೂಟರಿನಲ್ಲಿ 12 ಸಮಸ್ಯೆಗಳಿವೆ, ಸರಿಪಡಿಸಲು ಪ್ರೀಮಿಯಂ ಕೊಳ್ಳಿ’ ಎಂದು ಆಗಾಗ ಕಿಟಕಿ ತೆರೆಯುತ್ತಾನೆ. ಮೋಸಗಾರರ ನಕಲಿ ಎಚ್ಚರಿಕೆಯೂ ಥೇಟ್ ಹೀಗೇ ಇರುತ್ತದೆ. ಎರಡರ ವ್ಯತ್ಯಾಸ ಹೇಳುವುದು ನಮಗೇ ಕಷ್ಟ, 72ರ ಹಿರಿಯರಿಗೆ ಆ ಪರೀಕ್ಷೆ ಯಾಕೆ?

ಆದ್ದರಿಂದ ಚೌತಿಗೆ ಊರಿಗೆ ಹೋದಾಗ ನೀವು ಮಾಡಬೇಕಾದ ಕೆಲಸದಲ್ಲಿ ಹಾಕುವುದಕ್ಕಿಂತ ತೆಗೆಯುವುದೇ ಹೆಚ್ಚು. ಅರ್ಧ ದಿನ ಇಟ್ಟುಕೊಳ್ಳಿ. ಪರದೆಯ ಮೇಲೆ ಮೆನು ಇಂಗ್ಲಿಷಿನಲ್ಲಿರುವುದರಿಂದ ಹೆಸರುಗಳನ್ನು ಅದೇ ಉಚ್ಚಾರದಲ್ಲಿ ಬರೆದಿದ್ದೇವೆ.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು ಯಾವ ವಿಂಡೋಸ್ ಎಂದು ನೋಡಿ. ‘ಹಳೇ ಲ್ಯಾಪ್‌ಟಾಪ್’ ಎಂದಿರಲ್ಲ, ಅನುಮಾನ ಅಲ್ಲೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಸಿಂಕ್ ಮಾಡಲು ಒಪ್ಪಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಉಚಿತವಾಗಿ ಸಿಗುತ್ತದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ‘ಎನ್‌ರೋಲ್ ನೌ’ ಎಂಬ ಕೊಂಡಿ ಇರುತ್ತದೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ, ಆದರೆ ಅದನ್ನೇ ನಂಬಿ ಕೂರುವುದು ಹೆಂಚು ಒಡೆದಿರುವಾಗ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಇಂಟೆಲ್‌ನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ಚಿಪ್), 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರೆ ವಿಂಡೋಸ್ 11ಕ್ಕೆ ಹೋಗಿಬಿಡಿ, ಅದೂ ಉಚಿತ. (4 ಜಿಬಿ ಎಂಬುದು ಕಾಗದದ ಲೆಕ್ಕ, 8 ಇಲ್ಲದಿದ್ದರೆ ಅಪ್ಪಯ್ಯನ ತಾಳ್ಮೆ ಉಳಿಯುವುದಿಲ್ಲ.) ಯಂತ್ರ ಅಷ್ಟು ಹೊಸದಲ್ಲದಿದ್ದರೆ, ಕೆಲಸವೆಲ್ಲ ಬ್ರೌಸರಿನಲ್ಲೇ ಮುಗಿಯುವುದಾದರೆ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಬಹುದು. ಮನೆಯ ಪ್ರಿಂಟರ್ ಅದರಲ್ಲಿ ನಡೆಯುತ್ತದೆಯೇ ಎಂದು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿಯೇ ಹಾಕಿ.

ಲ್ಯಾಪ್‌ಟಾಪ್ ಜತೆಗೇ ಬಂದ ಟ್ರಯಲ್ ಆಂಟಿವೈರಸ್ ಇದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್‌ನಲ್ಲಿ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೆ ‘ವಿಂಡೋಸ್ ಸೆಕ್ಯುರಿಟಿ’ ತೆರೆದರೆ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಮೇಲೆ ಹಸಿರು ಗುರುತು ಕಾಣಬೇಕು. ಅಲ್ಲೇ, ಡಿಫೆಂಡರನ್ನು ಬೇರೆ ಪ್ರೋಗ್ರಾಂ ಆಫ್ ಮಾಡದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇರಲಿ. ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ಒಳಗೆ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಎಂಬುದಿದೆ. ಫ್ರೀ ಪಿಡಿಎಫ್ ಕನ್ವರ್ಟರ್ ಜತೆ ಅಂಟಿಕೊಂಡು ಬರುವ ಕಸವನ್ನು ತಡೆಯುವುದು ಇದೇ. ಕೆಳಗಿನ ಎರಡೂ ಚೌಕಗಳಿಗೆ ಟಿಕ್ ಹಾಕಿ.

ಇನ್ನು ಮುಖ್ಯ ಕೆಲಸ. ನಿಮ್ಮ ಅಪ್ಪಯ್ಯ ಬಹುಶಃ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಕೂತಿದ್ದಾರೆ. ಅಂದರೆ ಅವರು ಒಂದು ‘ಯೆಸ್’ ಒತ್ತಿದರೆ ಯಾವ ಪ್ರೋಗ್ರಾಂ ಬೇಕಾದರೂ ಒಳಗೆ ಬರಬಹುದು. ಅವರಿಗೆ ಹೊಸ ಖಾತೆ ಮಾಡಲು ಹೋಗಬೇಡಿ. ಡೆಸ್ಕ್‌ಟಾಪ್ ಮೇಲಿನ ಫೋಟೋ, ಫೈಲು ಕಾಣದೆ ಗಾಬರಿಯಾಗುತ್ತಾರೆ. ಹೊಸದು ನಿಮಗೆ ಮಾಡಿಕೊಳ್ಳಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆ್ಯಡ್ ಅಕೌಂಟ್. ಇಮೇಲ್ ಕೇಳಿದಾಗ ‘ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್‌-ಇನ್ ಇನ್ಫರ್ಮೇಶನ್’, ನಂತರ ‘ಆ್ಯಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್’. ಗಟ್ಟಿ ಪಾಸ್‌ವರ್ಡ್ ಕೊಟ್ಟು ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಆ ಖಾತೆಗೆ ಒಮ್ಮೆ ಲಾಗಿನ್ ಆಗಿ, ಪಾಸ್‌ವರ್ಡ್ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಅಲ್ಲಿಂದ ಅಪ್ಪಯ್ಯನ ಖಾತೆಯನ್ನು ‘ಸ್ಟ್ಯಾಂಡರ್ಡ್ ಯೂಸರ್’ ಮಾಡಿ. ಯಕ್ಷಗಾನ, ಪಹಣಿ, ಬಿಲ್ಲು ಎಲ್ಲ ಮೊದಲಿನಂತೆಯೇ ನಡೆಯುತ್ತದೆ. ಹೊಸತೇನಾದರೂ ವಿಂಡೋಸಿನ ಒಳಗೆ ಕೈಹಾಕಲು ಬಂದರೆ ಪಾಸ್‌ವರ್ಡ್ ಕೇಳುತ್ತದೆ, ಅಪ್ಪಯ್ಯ ನಿಮಗೆ ಫೋನ್ ಮಾಡುತ್ತಾರೆ.

ಇದಕ್ಕೂ ಒಂದು ತೂತಿದೆ. ದೂರದಿಂದ ಪರದೆ ನೋಡುವ ಎನಿಡೆಸ್ಕ್‌ನಂಥ ಪ್ರೋಗ್ರಾಂಗಳು ಇನ್‌ಸ್ಟಾಲ್ ಆಗದೆಯೂ ಓಡುತ್ತವೆ. ಅವು ಕೆಟ್ಟ ಪ್ರೋಗ್ರಾಂಗಳಲ್ಲ, ಹಾಗಾಗಿ ಡಿಫೆಂಡರ್ ತಡೆಯುವುದೂ ಇಲ್ಲ. ಬೇಕಾದ್ದೆಲ್ಲ ಹಾಕಿ ಮುಗಿದ ಮೇಲೆ ಸೆಟ್ಟಿಂಗ್ಸ್, ಆ್ಯಪ್ಸ್, ಅಡ್ವಾನ್ಸ್ಡ್ ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಮೈಕ್ರೋಸಾಫ್ಟ್ ಸ್ಟೋರ್ ಓನ್ಲಿ’ ಎಂದು ಬದಲಿಸಿ. ವೆಬ್‌ನಿಂದ ಇಳಿಸಿದ ಬಹುತೇಕ ಪ್ರೋಗ್ರಾಂ ಹೊಸ್ತಿಲಲ್ಲೇ ನಿಲ್ಲುತ್ತದೆ.

ಹಳ್ಳಿ ಮನೆಗಳಿಂದ ‘ಕಂಪ್ಯೂಟರಿಗೆ ವೈರಸ್ ಬಂದಿದೆ’ ಎಂದು ಬರುವ ಫೋನಿನ ಹಿಂದೆ ಹೆಚ್ಚಾಗಿ ವೈರಸ್ಸೇ ಇರುವುದಿಲ್ಲ. ಅಡಿಕೆ ದರ ಹುಡುಕುತ್ತ ಯಾವುದೋ ಪುಟ ತೆರೆದಿರುತ್ತಾರೆ. ‘ನೀವು ರೋಬೋ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎನ್ನುತ್ತದೆ. ಒತ್ತಿದ್ದೇ ತಡ, ಆ ಸೈಟಿಗೆ ನೋಟಿಫಿಕೇಶನ್ ಕಳಿಸುವ ಹಕ್ಕು ಸಿಕ್ಕಿತು. ಮರುದಿನದಿಂದ ಬಲಬದಿಯ ಕೆಳಮೂಲೆಯಲ್ಲಿ ಕೆಂಪು ಗುರಾಣಿಯ ಚಿತ್ರ, ಪಕ್ಕದಲ್ಲಿ ‘5 ವೈರಸ್ ಪತ್ತೆ’. ಇದು ಜಾಹೀರಾತು ಅಷ್ಟೇ. ಸ್ಕ್ಯಾನ್ ಮಾಡಿದರೆ ಏನೂ ಸಿಗದಿರುವುದು ಅದಕ್ಕೇ. ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ. ಯಾವ ಸೈಟೂ ಕಳಿಸದಂತೆ ಆರಿಸಿ, ಕೆಳಗೆ ‘ಅಲೋಡ್’ ಪಟ್ಟಿಯಲ್ಲಿ ಇರುವುದನ್ನೆಲ್ಲ ಅಳಿಸಿ. ಅಳಿಸದಿದ್ದರೆ ಹಳೆಯವು ಬರುತ್ತಲೇ ಇರುತ್ತವೆ. ಎಡ್ಜ್ ಬ್ರೌಸರಿನಲ್ಲೂ ಇದನ್ನೇ ಮಾಡಿ. ಹಾಕಲೇಬೇಕಾದ ವಸ್ತು ಏನಾದರೂ ಇದ್ದರೆ ಅದು ಜಾಹೀರಾತು ತಡೆ: ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್, ಕ್ರೋಮ್‌ಗೆ ಯುಬ್ಲಾಕ್ ಒರಿಜಿನ್ ಲೈಟ್. ಎರಡೂ ಉಚಿತ. ನಕಲಿ ‘ಡೌನ್‌ಲೋಡ್’ ಗುಂಡಿಗಳ ದೊಡ್ಡ ಪಾಲು ಇದರಲ್ಲೇ ಮಾಯ.

ಒಮ್ಮೊಮ್ಮೆ ಪರದೆಯೆಲ್ಲ ತುಂಬಿ, ಕಿವಿಗಡಚಿಕ್ಕುವ ಸದ್ದು ಮಾಡಿ, ಒಂದು ಫೋನ್ ನಂಬರ್ ತೋರಿಸುವ ಪುಟ ಬರುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯುವುದು, ನಂತರ ಆಲ್ಟ್ ಮತ್ತು ಎಫ್4. ಅದೂ ಆಗದಿದ್ದರೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಅದುಮಿ ಹಿಡಿದರಾಯಿತು. ಮತ್ತೆ ಬ್ರೌಸರ್ ತೆರೆದಾಗ ‘ರಿಸ್ಟೋರ್’ ಕೇಳಿದರೆ ಬೇಡ. ಈಚಿನ ಇನ್ನೊಂದು ಉಪಾಯ ಇದಕ್ಕಿಂತ ಅಪಾಯದ್ದು: ‘ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ’ ಎಂದು ಪುಟವೇ ಪಾಠ ಹೇಳುತ್ತದೆ. ಹಾಗೆ ಮಾಡಿದರೆ ಆ ಪುಟ ಗುಟ್ಟಾಗಿ ಕಾಪಿ ಮಾಡಿಟ್ಟ ಕಳ್ಳ ಆದೇಶವನ್ನು ನಾವೇ ಕೈಯಾರೆ ಓಡಿಸಿದಂತೆ. ಸ್ಟ್ಯಾಂಡರ್ಡ್ ಖಾತೆಯೂ ಇದನ್ನು ಪೂರ್ತಿ ತಡೆಯದು. ಈ ಮೂರು ಕೀ ಕೇಳಿದ ಪುಟವನ್ನು ಮುಚ್ಚುವುದು ಎಂಬ ಒಂದು ಮಾತನ್ನು ಅಪ್ಪಯ್ಯನಿಗೆ ಮಾಡಿ ತೋರಿಸಿಯೇ ಹೇಳಿ.

ಅಪ್‌ಡೇಟಿನ ವಿಷಯದಲ್ಲಿ ನಮ್ಮ ಕಡೆಯ ಕಷ್ಟ ಬೇರೆ. ಫೋನಿನ ಹಾಟ್‌ಸ್ಪಾಟನ್ನು ‘ಮೀಟರ್ಡ್’ (ಡೇಟಾ ಮಿತಿಯಿರುವ ಸಂಪರ್ಕ) ಎಂದು ಗುರುತು ಮಾಡಿದ್ದರೆ ವಿಂಡೋಸ್ ದೊಡ್ಡ ಅಪ್‌ಡೇಟ್ ಇಳಿಸದೆ ಕಾಯುತ್ತದೆ. ಮಳೆಗಾಲದಲ್ಲಿ ಗುಡುಗಿಗೆ ಹೆದರಿ ರೂಟರಿನ ವೈರು ಕಿತ್ತಿಡುತ್ತಾರೆ, ಅದು ಸರಿಯೇ. ಕೊನೆಗೆ ಲ್ಯಾಪ್‌ಟಾಪು ಮಾರಿಕಾಂಬಾ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ ಅಪ್‌ಡೇಟ್ ಆಗುತ್ತದೆ. ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಿಸಿ: ಅಪ್‌ಡೇಟ್ ನಡುವೆ ಕರೆಂಟು ಹೋದರೆ ವಿಂಡೋಸೇ ಏಳದೆ ಹೋಗಬಹುದು. ವಾರಕ್ಕೊಂದು ದಿನ ಚಾರ್ಜಿಗೆ ಹಾಕಿ ಎರಡು ತಾಸು ಆನ್ ಇಡುವ ರೂಢಿ ಮಾಡಿಸಿ.

ಇಷ್ಟಾದರೂ ದುಡ್ಡು ಇರುವುದು ಫೋನಿನಲ್ಲಿ. ‘ಬಿಲ್ ಕಟ್ಟಿಲ್ಲ, ಇಂದು ರಾತ್ರಿ ವಿದ್ಯುತ್ ಕಡಿತ’ ಎಂಬ ಸಂದೇಶಕ್ಕೆ ಬೆದರಬೇಕಿಲ್ಲ. ಆಷಾಢದ ಶಿರಸಿಯಲ್ಲಿ ಕರೆಂಟು ಹೋಗಲು ಯಾರ ಸಂದೇಶವೂ ಬೇಕಾಗಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಫೈಲು ಮಾತ್ರ ನಿಜವಾದ ಅಪಾಯ. ಅದು ಎಸ್ಸೆಮ್ಮೆಸ್ ಓದಿ ಒಟಿಪಿ ಕದಿಯುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್ಆ್ಯಪ್, ಕ್ರೋಮ್, ಫೈಲ್ಸ್ ಎಲ್ಲಕ್ಕೂ ಅನುಮತಿ ತೆಗೆಯಿರಿ. ಅಡಿಕೆ ಮಾರಿದ ದುಡ್ಡು ವರ್ಷದಲ್ಲಿ ಕೆಲವೇ ಸಲ, ಒಟ್ಟೊಟ್ಟಿಗೆ ಬರುತ್ತದೆ. ಅದು ಬೀಳುವ ಖಾತೆಗೆ ಯುಪಿಐ ಬೇಡ. ಬೇರೊಂದು ಸಣ್ಣ ಖಾತೆಗೆ ತಿಂಗಳ ಖರ್ಚಿನಷ್ಟು ಹಾಕಿ, ಯುಪಿಐ ಅದಕ್ಕೆ ಮಾತ್ರ ಇರಲಿ. ಯಾವ ಆಂಟಿವೈರಸ್ಸೂ ಕೊಡದ ಭದ್ರತೆ ಇದು.

ಬ್ಯಾಂಕಿನ ಪುಟವನ್ನು ಗೂಗಲ್‌ನಲ್ಲಿ ಹುಡುಕಿ ತೆರೆಯುವ ಅಭ್ಯಾಸ ಬಿಡಿಸಿ, ಬುಕ್‌ಮಾರ್ಕ್ ಮಾಡಿಕೊಡಿ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳ ವಿಳಾಸ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವಂತೆ ಬದಲಾಗಬೇಕಿತ್ತು. ಊರಿನ ಸೊಸೈಟಿ (ಸಹಕಾರ ಸಂಘ) ಬ್ಯಾಂಕ್ ಅಲ್ಲ, ಅದರ ವಿಳಾಸದಲ್ಲಿ ಇದನ್ನು ಹುಡುಕಬೇಡಿ.

ದೂರದಿಂದ ಸಹಾಯ ಮಾಡಲು ವಿಂಡೋಸಿನ ‘ಕ್ವಿಕ್ ಅಸಿಸ್ಟ್’ ಇದೆ. ನಮ್ಮ ಸಲಹೆ, ಬೇಡ. ಫೋನಿನಲ್ಲಿ ಹೇಳಿದ ಕೋಡ್ ಹಾಕಿ ಪರದೆ ಬಿಟ್ಟುಕೊಡುವುದನ್ನು ನೀವೇ ಕಲಿಸಿದರೆ, ನಾಳೆ ‘ಬ್ಯಾಂಕಿನಿಂದ’ ಎಂದು ಫೋನ್ ಬಂದಾಗ ಅದೇ ಕೈ ಅದೇ ಕೆಲಸ ಮಾಡುತ್ತದೆ. ಆಯಿ ಫೋನನ್ನು ಲ್ಯಾಪ್‌ಟಾಪಿನ ಎದುರು ಹಿಡಿಯಲಿ, ವಿಡಿಯೋ ಕಾಲಿನಲ್ಲಿ ನೀವು ಬಾಯಲ್ಲಿ ಹೇಳಿ. ತಡವಾಗುತ್ತದೆ, ಆಗಲಿ.

ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ. ದಪ್ಪ ಅಕ್ಷರದಲ್ಲಿ ನಿಮ್ಮ ನಂಬರು, ಕೆಳಗೆ 1930. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಈ ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿಗೆ, ನಂತರ ಬ್ಯಾಂಕಿಗೆ ಫೋನ್ ಮಾಡಬೇಕು. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲಿ. ಫೋನಿಗೆ ಎಪಿಕೆ ಬಿದ್ದಿದ್ದರೆ ಮೊದಲು ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಯಿಯ ಫೋನಿನಿಂದ ಮಾತಾಡಲಿ.