ಒಣಗಿ ಬಿರುಕುಬಿಟ್ಟ ಗದ್ದೆಗೆ ನೀರು ಬಿಟ್ರೆ ವಾರದೊಳಗೆ ಅಷ್ಟೊಂದು ಹುಳಹುಪ್ಪಟೆ ಎಲ್ಲಿಂದ ಬರ್ತವೆ?

ನಾಟಿ ಟೈಮಲ್ಲಿ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ, ಕಾಲುವೆ ನೀರಲ್ಲಿ ಬಂದಿರ್ಬೇಕು ಬಿಡಿ ಅಂತ ಉತ್ತರಾನೂ ಅವರೇ ಹೇಳ್ಕೋತಾರೆ. ಅರ್ಧ ಸರಿ. ಮೀನುಮರಿ ಹಾಗೇ ಬರೋದು, ಏರೋಪ್ಲೇನ್ ಚಿಟ್ಟೆ ಹಾರ್ಕೊಂಡು ಬಂದು ಮೊಟ್ಟೆ ಇಡುತ್ತೆ. ಆದ್ರೆ ಸುಮಾರು ಜೀವಿಗಳು ಆ ಒಣ ಮಣ್ಣೊಳಗೇ ಇದ್ವು.

ನಂಬಿಕೆ ಇಲ್ಲಾಂದ್ರೆ ಬೇಸಿಗೇಲಿ ಒಂದು ಹಿಡಿ ಗದ್ದೆಮಣ್ಣು ಗಾಜಿನ ಬಾಟ್ಲಿಗೆ ಹಾಕಿ, ಮಳೆನೀರು ಸುರಿದು ಕಿಟಕಿ ಹತ್ರ ಇಡಿ. ಕೆಲವು ದಿನ ಬಿಟ್ಟು ಬೆಳಕಿಗೆ ಹಿಡಿದ್ರೆ ಧೂಳಿನ ಕಣದಂಥದ್ದು ಕುಕ್ಕಿ ಕುಕ್ಕಿ ಈಜ್ತಿರೋದು ಸಾಮಾನ್ಯವಾಗಿ ಕಾಣುತ್ತೆ. ಅದು ಹೆಚ್ಚಾಗಿ ನೀರುಚಿಗಟ. ಅದು, ಗೊದಮೊಟ್ಟೆ ಥರ ಕಾಣೋ ಮೂರು ಕಣ್ಣಿನ ಗೊದಮೊಟ್ಟೆ ಸಿಗಡಿ ಇವೆಲ್ಲ ಗಟ್ಟಿ ಕವಚದ ಮೊಟ್ಟೆ ಇಟ್ಟು ಸಾಯ್ತವೆ, ಆ ಮೊಟ್ಟೆ ಒಣಗಿಕೊಂಡೇ ವರ್ಷಗಟ್ಟಲೆ ಕಾಯುತ್ತೆ. ಬಸವನಹುಳು ಬಾಗಿಲು ಮುಚ್ಕೊಂಡು ಕೆಸರಲ್ಲಿ ಮಲಗಿರುತ್ತೆ, ಏಡಿ ಬಿಲದಲ್ಲಿರುತ್ತೆ.

ನೀರು ನಿಂತ ಮೇಲೆ ಹಳೇ ಕೂಳೆ, ಹುಲ್ಲು ಕೊಳೆಯುತ್ತೆ, ಬಿಸಿಲಿಗೆ ಪಾಚಿ ಏಳುತ್ತೆ, ಇವಕ್ಕೆಲ್ಲ ಅದೇ ಊಟ. ಮಧ್ಯಾಹ್ನ ಪಾಚಿ ಬಿಡೋ ಆಕ್ಸಿಜನ್ ಗುಳ್ಳೆಗುಳ್ಳೆಯಾಗಿ ಕಾಣುತ್ತೆ, ಅದೇ ನೀರಲ್ಲಿ ಬೆಳಗಿನ ಜಾವಕ್ಕೆ ಆಕ್ಸಿಜನ್ ತಳ ಕಂಡಿರುತ್ತೆ, ಯಾಕಂದ್ರೆ ರಾತ್ರಿ ಎಲ್ಲರೂ ಉಸಿರಾಡ್ತಾರೆ, ತಯಾರು ಮಾಡೋರು ಯಾರೂ ಇಲ್ಲ. ಕೆಸರಲ್ಲಂತೂ ಮೇಲಿನ ಕೆಲವೇ ಮಿಲಿಮೀಟರ್ ಬಿಟ್ರೆ ಆಕ್ಸಿಜನ್ನೇ ಇರಲ್ಲ. ಅಲ್ಲಿ ಒದ್ದಾಡೋ ದಾರದಂಥ ಕೆಂಪು ಹುಳ ನೋಡಿದೀರಲ್ಲ, ಅದು ಸೊಳ್ಳೆ ಥರ ಕಾಣೋ, ಆದ್ರೆ ಕಚ್ಚದೇ ಇರೋ ಒಂದು ಕೀಟದ ಮರಿ, ಕೆಂಪಿಗೆ ಕಾರಣ ನಮ್ಮ ರಕ್ತದಲ್ಲೂ ಇರೋ ಹಿಮೋಗ್ಲೋಬಿನ್, ಸಿಕ್ಕಷ್ಟು ಆಕ್ಸಿಜನ್ ಹಿಡಿದಿಟ್ಕೊಳ್ಳೋಕೆ.

ಅದನ್ನ ನೋಡಿ ಗಾಬರಿಯಾಗಿ ಔಷಧಿ ಹೊಡೆಯೋದಿದ್ಯಲ್ಲ, ಅದು ತಪ್ಪು. ಈ ಹುಳ ರೆಕ್ಕೆ ಬಂದು ಮೇಲೆದ್ದಾಗ ಅದನ್ನ ತಿಂದು ಜೇಡ ಹೆಚ್ಚುತ್ತೆ, ಪೈರಿನ ರಸ ಹೀರೋ ಕಂದು ಜಿಗಿಹುಳು ಬರೋ ಹೊತ್ತಿಗೆ ಜೇಡ ರೆಡಿ. ಮೊದಲೇ ಹೊಡೆದ್ರೆ ಕಾವಲೂ ಹೋಯ್ತು. ಇಂಡೋನೇಷ್ಯಾದಲ್ಲಿ ಹೊಡೆದಷ್ಟೂ ಜಿಗಿಹುಳು ಜಾಸ್ತಿಯಾಗಿ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನ ಬ್ಯಾನ್ ಮಾಡ್ತು.

ಒಂದು ಮಾತು ಬಿಟ್ಟೋಗಿತ್ತು, ನಿಂತ ನೀರಿಗೇ ನೇರ ಬಿತ್ತನೆ ಮಾಡಿದ್ರೆ ಗೊದಮೊಟ್ಟೆ ಸಿಗಡಿ ಮೊಳಕೆ ಕಿತ್ತು ತೇಲಿಸುತ್ತೆ. ಬೇರುಬಿಟ್ಟ ಸಸಿ ನಾಟಿ ಮಾಡಿದ್ರೆ ಅದರ ತಂಟೆ ಅಷ್ಟಾಗಿ ಇರಲ್ಲ.