ಉರಿ ಆರಿದರೆ ಸಾಲದು, ಬಿಸಿಯೂ ಆರಬೇಕು

ಬೆಂಕಿ ಆರಿಸುವ ತರಬೇತಿ ನಡೆಯುತ್ತಿದ್ದ ಮೈದಾನದಲ್ಲಿ ಒಂದು ದಪ್ಪ ಕಬ್ಬಿಣದ ಬಾಣಲೆ ಇಟ್ಟಿದ್ದರು. ಅದರಲ್ಲಿ ಅಡುಗೆ ಎಣ್ಣೆ, ಕೆಳಗೆ ಉರಿಯುವ ಬರ್ನರ್. ಎಣ್ಣೆಯಿಂದ ಮೊದಲು ತೆಳ್ಳಗೆ ಹೊಗೆ ಎದ್ದಿತು, ಆಮೇಲೆ ದಟ್ಟವಾಯಿತು, ಕೊನೆಗೆ ಯಾರೂ ಕಡ್ಡಿ ಗೀರದೆ ತಾನಾಗಿಯೇ ಹೊತ್ತಿಕೊಂಡಿತು. ಬರ್ನರ್ ಆರಿಸಿದರು. ನನ್ನ ಕೈಯಲ್ಲಿ ಬೆಂಕಿ ನಂದಿಸುವ, ಪೌಡರ್ ತುಂಬಿದ ಕೆಂಪು ಸಿಲಿಂಡರ್. ಹಿಡಿ ಒತ್ತಿದೆ. ಬಿಳಿ ಮೋಡ ಎದ್ದು ಎರಡು ಮೂರು ಸೆಕೆಂಡಿನಲ್ಲಿ ಜ್ವಾಲೆ ಮಾಯವಾಯಿತು. ಸಿಲಿಂಡರ್ ಕೆಳಗಿಡಲು ಬಗ್ಗಿದೆ. "ತಡೀರಿ, ಎಣ್ಣೆ ಮೇಲೇ ಕಣ್ಣಿರಲಿ" ಅಂದರು ತರಬೇತಿ ಕೊಡುತ್ತಿದ್ದವರು. ಅರ್ಧ ನಿಮಿಷವೂ ಆಗಿರಲಿಲ್ಲ. ಮೋಡ ಚದುರುತ್ತಿದ್ದಂತೆ ಎಣ್ಣೆ ಭುಸ್ ಅಂತ ಮತ್ತೆ ಹೊತ್ತಿಕೊಂಡಿತು.

ಕನ್ನಡದಲ್ಲಿ ದೀಪವೂ ಆರುತ್ತದೆ, ಕಾಸಿಟ್ಟ ಹಾಲೂ ಆರುತ್ತದೆ. ಮಾತು ಒಂದೇ, ಸಂಗತಿ ಎರಡು. ಆ ದಿನ ದೀಪ ಆರಿದ ಹಾಗೆ ಉರಿ ಆರಿತ್ತು. ಹಾಲು ಆರಿದ ಹಾಗೆ ಎಣ್ಣೆ ಆರಿರಲಿಲ್ಲ. ಯಾವ ಬೆಂಕಿಗೆ ಯಾವ ಸಿಲಿಂಡರ್ ಅಂತ ಯಾರಾದರೂ ಕೇಳಿದಾಗ ನಾನು ಮೊದಲು ಹೇಳುವುದು ಈ ವ್ಯತ್ಯಾಸವನ್ನೇ.

ಬೆಂಕಿಗೆ ಉರುವಲು ಬೇಕು, ಆಮ್ಲಜನಕ ಬೇಕು, ಬಿಸಿ ಬೇಕು. ಇಷ್ಟನ್ನು ಶಾಲೆಯಲ್ಲೇ ಓದಿರುತ್ತೇವೆ. ನಾಲ್ಕನೆಯದೊಂದಿದೆ: ಸರಪಳಿ ಕ್ರಿಯೆ. ಜ್ವಾಲೆಯೊಳಗೆ ಅಣುಗಳು ಒಡೆದು ತುಂಬ ಚುರುಕಾದ ತುಣುಕುಗಳು ಹುಟ್ಟುತ್ತವೆ. ಅವು ಪಕ್ಕದ ಅಣುಗಳನ್ನು ಒಡೆಯುತ್ತವೆ, ಅಲ್ಲಿಂದ ಇನ್ನಷ್ಟು ತುಣುಕುಗಳು. ಪೌಡರ್ ಮುಖ್ಯವಾಗಿ ಕೈ ಹಾಕುವುದು ಇಲ್ಲಿಗೆ. ಅದರ ಸಣ್ಣ ಕಣಗಳು ಈ ತುಣುಕುಗಳನ್ನು ಹಿಡಿದು ಸುಮ್ಮನಾಗಿಸುತ್ತವೆ, ಸರಪಳಿ ಕಡಿಯುತ್ತದೆ. ಉರಿ ಅಷ್ಟು ಬೇಗ ಆರುವುದು ಅದಕ್ಕೇ. ಆದರೆ ಎಣ್ಣೆಯ ಬಿಸಿಯನ್ನು ಅದು ಹೆಚ್ಚೇನೂ ಇಳಿಸುವುದಿಲ್ಲ. ಅಡುಗೆ ಎಣ್ಣೆ ಸುಮಾರು 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಬಿಸಿ ಅದಕ್ಕಿಂತ ಕೆಳಗೆ ಇಳಿಯದಿದ್ದರೆ, ಗಾಳಿ ತಾಗಿದ ಕೂಡಲೇ ಮತ್ತೆ ಉರಿ.

ಬಿಸಿ ಹೀರುವುದರಲ್ಲಿ ನೀರನ್ನು ಮೀರಿಸುವುದು ಕಷ್ಟ. 25 ಡಿಗ್ರಿಯ ಒಂದು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು ಸುಮಾರು 315 ಕಿಲೋಜೂಲ್ ಶಾಖ ಹೀರುತ್ತದೆ. ಆಮೇಲೆ ಆವಿಯಾಗಲು ಇನ್ನೂ 2,250 ಕಿಲೋಜೂಲ್‌ನಷ್ಟು ಬೇಕು. ಅಂದರೆ ಏಳು ಪಟ್ಟು. ಮರ, ಕಾಗದ, ಬಟ್ಟೆಯ ಬೆಂಕಿಗೆ ನೀರು ಇವತ್ತಿಗೂ ಒಳ್ಳೆಯ ಮದ್ದು. ಒಳಗಿನ ಕೆಂಡದವರೆಗೂ ಅದು ಇಳಿಯುತ್ತದೆ.

ಉರಿಯುವ ಎಣ್ಣೆಗೆ ಮಾತ್ರ ಬೇಡ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಹನಿ ತಳಕ್ಕೆ ಇಳಿಯುತ್ತದೆ. ಸುತ್ತ 300 ಡಿಗ್ರಿಗೂ ಜಾಸ್ತಿ ಬಿಸಿ. ಕ್ಷಣದಲ್ಲೇ ಆ ಹನಿ ಆವಿಯಾಗುತ್ತದೆ, ಆವಿಯಾದರೆ ಮೊದಲಿದ್ದ ಗಾತ್ರದ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮೇಲಿದ್ದ ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಎತ್ತಿ ಎಸೆಯುತ್ತದೆ. ಪ್ರತಿ ಹನಿಗೂ ಸುತ್ತಲೂ ಗಾಳಿ ಸಿಕ್ಕಿತಲ್ಲ, ಒಮ್ಮೆಲೇ ಎಲ್ಲವೂ ಹೊತ್ತಿಕೊಂಡು ಬೆಂಕಿ ಚಾವಣಿ ಮುಟ್ಟುತ್ತದೆ. ಒಂದು ಲೋಟ ನೀರಿಗೇ ಇಷ್ಟಾಗುತ್ತದೆ.

ಎಣ್ಣೆಗೆಂದೇ ಬೇರೆ ಸಿಲಿಂಡರ್ ಇದೆ, ಅದಕ್ಕೆ ವೆಟ್ ಕೆಮಿಕಲ್ ಅನ್ನುತ್ತಾರೆ. ಅದೇ ಮೈದಾನದಲ್ಲಿ, ಅದೇ ಬಾಣಲೆಯ ಮೇಲೆ ಅದನ್ನೂ ಪ್ರಯೋಗಿಸಿ ತೋರಿಸಿದರು. ಉದ್ದನೆಯ ಕೊಳವೆ, ತುದಿಯಲ್ಲಿ ನಲ್ಲಿಯಂಥ ಮೂತಿ. ಅದರಿಂದ ಮೆಲ್ಲಗೆ ತುಂತುರು ಬೀಳುತ್ತದೆ, ಎಣ್ಣೆ ಸಿಡಿಯುವುದಿಲ್ಲ. ಒಳಗಿರುವುದು ಪೊಟ್ಯಾಸಿಯಂ ಲವಣಗಳನ್ನು ಕರಗಿಸಿದ ನೀರು. ಈ ಕ್ಷಾರೀಯ ದ್ರಾವಣ ಬಿಸಿ ಎಣ್ಣೆಯ ಜೊತೆ ಸೇರಿ ಮೇಲ್ಮೈಯಲ್ಲೇ ಸೋಪು ಆಗುತ್ತದೆ. ಸೋಪು ತಯಾರಿಸುವಾಗ ನಡೆಯುವ ರಾಸಾಯನಿಕ ಕ್ರಿಯೆಯೇ ಇದು. ಕಣ್ಣೆದುರೇ ಎಣ್ಣೆಯ ಮೇಲೆ ಮಾಸಲು ಬಿಳಿಯ ನೊರೆ ಕೆನೆಗಟ್ಟಿತು. ಆ ಕೆನೆ ಗಾಳಿಯನ್ನು ತಡೆಯುತ್ತದೆ, ನೀರು ಬಿಸಿ ಇಳಿಸುತ್ತದೆ. ಹತ್ತು ನಿಮಿಷ ನಿಂತು ನೋಡಿದೆವು, ಹೊತ್ತಿಕೊಳ್ಳಲಿಲ್ಲ. ಎಲ್ಲೆಡೆ ಕಾಣುವ ಎಬಿಸಿ ಪೌಡರ್‌ನಲ್ಲಿ ಇರುವುದು ಮೋನೋ ಅಮೋನಿಯಂ ಫಾಸ್ಫೇಟ್, ಆಮ್ಲೀಯ ಗುಣದ್ದು. ಅದರಿಂದ ಸೋಪು ಕಟ್ಟುವುದಿಲ್ಲ. ಮನೆಯ ಸಣ್ಣ ಬಾಣಲೆಯಾದರೆ ಸಿಲಿಂಡರೂ ಬೇಡ. ಸ್ಟೌ ಆರಿಸಿ, ಬಿಗಿಯಾಗಿ ಕೂರುವ ಮುಚ್ಚಳ ಮುಚ್ಚಿ, ಎಣ್ಣೆ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯದೆ ಬಿಟ್ಟುಬಿಡಿ.

ಈ ಪೊಟ್ಯಾಸಿಯಂ ಲವಣದ ಕಥೆ ಹಳೆಯದು. 1813ರಲ್ಲಿ ಎಡಿನ್‌ಬರೋದಲ್ಲಿ ಬೆಂಕಿಯೊಂದು ಹೊತ್ತಿದಾಗ ಮೇಲಿನ ಮಹಡಿಗಳಿಗೆ ನೀರು ಮುಟ್ಟಿಸಲಾಗದೆ ಜನ ಒದ್ದಾಡಿದ್ದನ್ನು ಜಾರ್ಜ್ ವಿಲಿಯಂ ಮ್ಯಾನ್ಬಿ ಎಂಬ ಬ್ರಿಟಿಷ್ ಕ್ಯಾಪ್ಟನ್ ನೋಡಿದ್ದರು. 1818ರಲ್ಲಿ ಅವರು ಹೊತ್ತೊಯ್ಯಬಹುದಾದ ತಾಮ್ರದ ಪಾತ್ರೆಯೊಂದನ್ನು ಮಾಡಿದರು. ಅದರಲ್ಲಿ ಸುಮಾರು 13 ಲೀಟರ್ ಪೊಟ್ಯಾಸಿಯಂ ಕಾರ್ಬೋನೇಟ್ ದ್ರಾವಣ, ಜೊತೆಗೆ ಒತ್ತಿ ತುಂಬಿದ ಗಾಳಿ. ಇನ್ನೂರು ವರ್ಷ ದಾಟಿದರೂ ಅದೇ ಲವಣವನ್ನು ಎಣ್ಣೆ ಬೆಂಕಿಗೆ ಬಳಸುತ್ತೇವೆ ಅನ್ನುವುದು ನನಗೆ ತುಂಬ ಇಷ್ಟವಾದ ವಿಷಯ. ನಡುವೆ ಬಂದ ಎಷ್ಟೋ ಹೊಸ ಮದ್ದುಗಳು ಹಾಗೆ ಉಳಿಯಲಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವ ಬಂತು. ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತಿತ್ತು. ಹ್ಯಾಲಾನ್ ಎಂಬ ಅನಿಲ ಬಂತು. ಬೆಂಕಿಗೆ ಅದು ಬಹಳ ಚೆನ್ನಾಗಿತ್ತು, ಓಝೋನ್ ಪದರಕ್ಕೆ ಕೇಡಾಗಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ಉತ್ಪಾದನೆ ಹಂತಹಂತವಾಗಿ ನಿಂತಿತು. ಪೆಟ್ರೋಲ್ ಬೆಂಕಿಯ ಮೇಲೆ ತೆಳ್ಳಗೆ ಹರಡುವ ಫ್ಲೋರಿನ್‌ಯುಕ್ತ ಫೋಮ್ ಈಗ ಅದೇ ದಾರಿಯಲ್ಲಿದೆ. ಅದರಲ್ಲಿನ ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯದೆ ಉಳಿದುಬಿಡುತ್ತವೆ. ಹೊಸದಾಗಿ ಫೋಮ್ ಕೊಳ್ಳುವವರು ಫ್ಲೋರಿನ್ ಇಲ್ಲದ್ದನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಕರೆಂಟ್ ಇರುವ ಕಡೆ ಕಾರ್ಬನ್ ಡೈಆಕ್ಸೈಡ್. ಮೊದಲು ಮೇನ್ ಸ್ವಿಚ್ ಆಫ್ ಮಾಡಲು ಆದರೆ ಮಾಡಿ. ಕರೆಂಟ್ ಹೋದರೆ ಅದು ಉಳಿದಂತೆ ಪ್ಲಾಸ್ಟಿಕ್, ತಂತಿಯ ಸಾಮಾನ್ಯ ಬೆಂಕಿ. ಈ ಅನಿಲ ವಿದ್ಯುತ್ ಹರಿಸುವುದಿಲ್ಲ, ಕಲೆ ಉಳಿಸುವುದಿಲ್ಲ. ಕಂಪ್ಯೂಟರ್ ಮೇಲೆ ಪೌಡರ್ ಹೊಡೆದರೆ ಬೆಂಕಿ ಆರುತ್ತದೆ, ಆದರೆ ತೇವ ಹೀರಿದ ಪೌಡರ್ ನಿಧಾನವಾಗಿ ಲೋಹದ ಭಾಗಗಳನ್ನು ತಿನ್ನುತ್ತದೆ. ಸಿಲಿಂಡರ್ ಒಳಗೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಇರುತ್ತದೆ, ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್. ಹೊರಬರುವಾಗ ಒಂದಷ್ಟು ಪಾಲು ಮೈನಸ್ 78 ಡಿಗ್ರಿಯ ಮಂಜಿನ ಪುಡಿಯಾಗುತ್ತದೆ, ಕಪ್ಪು ಕೊಳವೆಯ ಬಾಯಿಗೆ ಬಿಳಿ ಹಿಮ ಕಟ್ಟುತ್ತದೆ. ಬರಿಗೈಯಲ್ಲಿ ಆ ಬಾಯಿ ಹಿಡಿದರೆ ಚರ್ಮ ಅಂಟಿಕೊಳ್ಳಬಹುದು. ಇಷ್ಟು ತಣ್ಣಗಿದ್ದರೂ ಅದರ ಮುಖ್ಯ ಕೆಲಸ ಗಾಳಿಯನ್ನು ಪಕ್ಕಕ್ಕೆ ತಳ್ಳುವುದು. ಅನಿಲ ಚದುರಿದ ಮೇಲೆ ಒಳಗೆ ಬಿಸಿ ಉಳಿದಿದ್ದರೆ ಮತ್ತೆ ಉರಿ ಏಳುತ್ತದೆ. ಸಣ್ಣ ಮುಚ್ಚಿದ ಕೋಣೆಯಲ್ಲಿ ಬೆಂಕಿಗಷ್ಟೇ ಅಲ್ಲ, ನಮಗೂ ಉಸಿರು ಕಟ್ಟುತ್ತದೆ. ಹೊಡೆದು ಕೂಡಲೇ ಹೊರಬನ್ನಿ.

ಇನ್ನು ನಮ್ಮ ಕಾಲದ ಬೆಂಕಿ, ಲಿಥಿಯಂ ಅಯಾನ್ ಬ್ಯಾಟರಿಯದ್ದು. ಫೋನು, ಲ್ಯಾಪ್‌ಟಾಪ್, ಸ್ಕೂಟರ್, ಕಾರು ಎಲ್ಲದರಲ್ಲೂ ಅದೇ. ಸೋನಿ ಕಂಪನಿ ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. ಒಂದು ಸೆಲ್ ಬಿಚ್ಚಿದರೆ ಎರಡು ಪದರ ಸುರುಳಿ ಸುತ್ತಿರುವುದು ಕಾಣುತ್ತದೆ, ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಎಲ್ಲವೂ ಹೊತ್ತಿ ಉರಿಯಬಲ್ಲ ದ್ರವದಲ್ಲಿ ನೆನೆದಿರುತ್ತದೆ. ಜಜ್ಜಿದರೆ, ಅತಿಯಾಗಿ ಚಾರ್ಜ್ ಆದರೆ, ತಯಾರಿಕೆಯಲ್ಲೇ ದೋಷವಿದ್ದರೆ ಒಳಗೆ ಬಿಸಿ ಏರತೊಡಗುತ್ತದೆ. 100 ಡಿಗ್ರಿಯ ಆಸುಪಾಸಿನಲ್ಲಿ ಈ ಪದರಗಳಲ್ಲೊಂದರ ಮೇಲಿರುವ ರಕ್ಷಣಾ ಲೇಪ ಒಡೆದು ಇನ್ನಷ್ಟು ಬಿಸಿ ಹೊಮ್ಮುತ್ತದೆ. 130 ಡಿಗ್ರಿ ಸುಮಾರಿಗೆ ಪಾಲಿಥಿಲೀನ್ ಹಾಳೆ ಕರಗುತ್ತದೆ, ಎರಡು ಪದರ ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ. 200 ಡಿಗ್ರಿಯ ಹೊತ್ತಿಗೆ ಹಲವು ಬಗೆಯ ಬ್ಯಾಟರಿಗಳಲ್ಲಿ ಒಂದು ಪದರದಲ್ಲಿರುವ ಲೋಹದ ಆಕ್ಸೈಡ್ ತಾನೇ ಆಮ್ಲಜನಕ ಬಿಡತೊಡಗುತ್ತದೆ. ಅಲ್ಲಿಂದ ಮುಂದೆ ಅದನ್ನು ಹಿಡಿಯುವವರಿಲ್ಲ. ಬಿಸಿಯೇ ಬಿಸಿಯನ್ನು ಹುಟ್ಟಿಸುವ ಈ ಸ್ಥಿತಿಗೆ ಥರ್ಮಲ್ ರನ್‌ಅವೇ ಎಂದು ಹೆಸರು.

ಈಗ ಕಾರ್ಬನ್ ಡೈಆಕ್ಸೈಡ್ ಹೊಡೆದರೆ ಏನಾಗುತ್ತದೆ ಯೋಚಿಸಿ. ಹೊರಗಿನ ಗಾಳಿಯನ್ನು ತಡೆದಿರಿ, ಆದರೆ ಸೆಲ್ಲಿಗೆ ಒಳಗೇ ಆಮ್ಲಜನಕ ಇದೆ, ಒಳಗೇ ಬಿಸಿ ಇದೆ. ಪೌಡರ್ ಹೊಡೆದರೆ ಹೊರಗಿನ ಜ್ವಾಲೆ ಹೋಗುತ್ತದೆ, ಒಳಗಿನ ಕ್ರಿಯೆಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ದಾಟುತ್ತದೆ, ಅಲ್ಲಿಂದ ಮುಂದಿನದಕ್ಕೆ. ಅದಕ್ಕೇ ಇಲ್ಲಿ ಬಿಸಿ ಇಳಿಸುವುದೊಂದೇ ದಾರಿ, ಮತ್ತು ಬಿಸಿ ಇಳಿಸಲು ನೀರೇ ಮೇಲು. ವಿಮಾನದೊಳಗೆ ಫೋನು, ಲ್ಯಾಪ್‌ಟಾಪ್ ಹೊತ್ತಿದರೆ ಏನು ಮಾಡಬೇಕೆಂದು ಅಮೆರಿಕದ ವಿಮಾನಯಾನ ಆಡಳಿತ ಸಿಬ್ಬಂದಿಗೆ ಹೇಳುವುದೂ ಇದನ್ನೇ. ಮೊದಲು ಉರಿ ನಂದಿಸಿ, ಆಮೇಲೆ ನೀರು ಅಥವಾ ಆಲ್ಕೊಹಾಲ್ ಇಲ್ಲದ ಯಾವುದಾದರೂ ದ್ರವ ಸುರಿದು ತಣ್ಣಗಾಗಿಸಿ, ಐಸ್ ಮಾತ್ರ ಮುಚ್ಚಬೇಡಿ. ಐಸ್ ಹೊದಿಕೆಯ ಹಾಗೆ ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ.

ಬ್ಯಾಟರಿಗೆಂದೇ ಬಂದಿರುವ ಕೆಲವು ಸಿಲಿಂಡರ್‌ಗಳಲ್ಲಿ ವರ್ಮಿಕ್ಯುಲೈಟ್ ಎಂಬ ಖನಿಜದ ಸಣ್ಣ ಚಕ್ಕೆಗಳನ್ನು ನೀರಿನಲ್ಲಿ ಬೆರೆಸಿರುತ್ತಾರೆ. ನೀರು ಬಿಸಿ ಹೀರಿ ಆವಿಯಾಗುತ್ತದೆ, ಚಕ್ಕೆಗಳು ಒಣಗಿ ಸೆಲ್ಲುಗಳ ಮೇಲೆ ಕವಚ ಕಟ್ಟುತ್ತವೆ. ಸಣ್ಣ ಸಾಧನಗಳಿಗೆ ಇದು ಒಳ್ಳೆಯದೇ. ಆದರೆ ಸ್ಕೂಟರ್‌ನಷ್ಟು ದೊಡ್ಡ ಬ್ಯಾಟರಿಯನ್ನು ಕೈಯಲ್ಲಿ ಹಿಡಿಯುವ ಸಿಲಿಂಡರ್ ತಣ್ಣಗಾಗಿಸುತ್ತದೆ ಎಂದು ನಂಬಿ ನಿಲ್ಲಬೇಡಿ. ಕಾರಿನ ಬ್ಯಾಟರಿಗೆ ಅಗ್ನಿಶಾಮಕ ದಳದವರು ಸಾವಿರಾರು ಲೀಟರ್ ನೀರು ಸುರಿಯಬೇಕಾಗುತ್ತದೆ, ಆಮೇಲೂ ಗಂಟೆಗಳು ಅಥವಾ ದಿನಗಳು ಕಳೆದು ಮತ್ತೆ ಹೊತ್ತಿಕೊಂಡದ್ದಿದೆ. ಬ್ಯಾಟರಿ ಉಬ್ಬಿದರೆ, ಚಟ್ ಎಂದು ಸದ್ದಾಗಿ ಸುಯ್ ಅಂತ ಬಿಳಿ ಮಬ್ಬು ಹೊರಬಂದರೆ ಅದನ್ನು ಸಾಮಾನ್ಯ ಹೊಗೆ ಅಂದುಕೊಳ್ಳಬೇಡಿ. ಅದು ವಿಷ, ಹೊತ್ತಿಕೊಳ್ಳುವಂಥದ್ದು, ಕೋಣೆಯಲ್ಲಿ ತುಂಬಿದರೆ ಸ್ಫೋಟಿಸಲೂಬಹುದು. ಹೊರಗೆ ಓಡಿ, ಬಾಗಿಲು ಎಳೆದುಕೊಳ್ಳಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಸ್ಕೂಟರ್ ಬ್ಯಾಟರಿಯನ್ನು ರಾತ್ರಿ ಹೊರಬಾಗಿಲ ಪಕ್ಕ ಚಾರ್ಜಿಗೆ ಇಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಅದು ಹೊತ್ತಿಕೊಂಡರೆ ಹೊರಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಲಿಥಿಯಂ ಲೋಹ ತಾನೇ, ಲೋಹದ ಬೆಂಕಿಗೆ ಇರುವ 'ಡಿ' ವರ್ಗದ ಸಿಲಿಂಡರ್ ತರೋಣ ಎಂದು ಹಲವರು ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ಮತ್ತೆ ಚಾರ್ಜ್ ಆಗುವ ಈ ಬ್ಯಾಟರಿಗಳಲ್ಲಿ ಲಿಥಿಯಂ ಇರುವುದು ಅಯಾನುಗಳ ರೂಪದಲ್ಲಿ. ಮುಖ್ಯವಾಗಿ ಉರಿಯುವುದು ದ್ರವ ಮತ್ತು ಅದರ ಆವಿ. ಡಿ ವರ್ಗದ ಉಪ್ಪಿನ ಅಥವಾ ಗ್ರಾಫೈಟ್ ಪುಡಿ ಮೆಗ್ನೀಸಿಯಂ, ಸೋಡಿಯಂನಂಥ ನಿಜವಾದ ಲೋಹದ ಬೆಂಕಿಗೆ. ಮೆಗ್ನೀಸಿಯಂ ಎಂಥ ಹಟಮಾರಿ ಅಂದರೆ, ಕಾರ್ಬನ್ ಡೈಆಕ್ಸೈಡ್‌ನಲ್ಲೂ ಅದು ಉರಿಯುತ್ತದೆ. ಕಾರ್ಖಾನೆ, ಪ್ರಯೋಗಾಲಯಗಳಿಗೆ ಇದು ಬೇಕು, ಮನೆಗೆ ಬೇಡ.

ಅಕ್ಷರ ನೋಡಿ ಕೊಳ್ಳುವಾಗ ಒಂದು ಎಚ್ಚರ. ಎ ಅಂದರೆ ಮರ, ಕಾಗದದಂಥ ಘನ ವಸ್ತು. ಬಿ ಅಂದರೆ ಪೆಟ್ರೋಲ್‌ನಂಥ ದ್ರವ. ಇಷ್ಟರವರೆಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಸಿ ಅಂದರೆ ಯುರೋಪಿನಲ್ಲಿ ಉರಿಯುವ ಅನಿಲ, ಅಮೆರಿಕದಲ್ಲಿ ಕರೆಂಟ್ ಇರುವ ಉಪಕರಣ! ಅಡುಗೆ ಎಣ್ಣೆಗೆ ಅಮೆರಿಕದಲ್ಲಿ ಕೆ, ಯುರೋಪಿನಲ್ಲಿ ಎಫ್. ಅಕ್ಷರದ ಜೊತೆ ಚಿತ್ರವೂ ಇರುತ್ತದೆ, ಅದನ್ನು ನಂಬುವುದು ಲೇಸು. ಯುರೋಪಿನ ಮಾನಕದ ಸಿಲಿಂಡರ್‌ನಲ್ಲಿ 13ಎ, 55ಬಿ ಎಂದೆಲ್ಲ ಸಂಖ್ಯೆ ಬರೆದಿರುತ್ತದೆ. 13ಎ ಅಂದರೆ 1.3 ಮೀಟರ್ ಉದ್ದದ ಕಟ್ಟಿಗೆಯ ಒಟ್ಟಿಲನ್ನು ಅದು ಪರೀಕ್ಷೆಯಲ್ಲಿ ನಂದಿಸಿದೆ ಅಂತ. ತೂಕ ಒಂದೇ ಇದ್ದರೂ ಒಂದರ ಸಂಖ್ಯೆ ಜಾಸ್ತಿ, ಇನ್ನೊಂದರದ್ದು ಕಡಿಮೆ ಇರಬಹುದು. ತೂಕಕ್ಕಿಂತ ಈ ಸಂಖ್ಯೆ ನೋಡಿ ಕೊಳ್ಳಿ.

ಅನಿಲ ಸೋರಿ ಉರಿಯುತ್ತಿದ್ದರೆ ಮೊದಲು ವಾಲ್ವ್ ಮುಚ್ಚಬೇಕು. ಮುಚ್ಚದೆ ಜ್ವಾಲೆ ಮಾತ್ರ ಆರಿಸಿದರೆ, ಉರಿಯದ ಅನಿಲ ಕೋಣೆ ತುಂಬಿ ಮುಂದಿನ ಕಿಡಿಗೆ ಕಾಯುತ್ತದೆ.

ಮನೆಗೆ ಒಂದೇ ಕೊಳ್ಳುವುದಾದರೆ ಯಾವುದು? ನನ್ನ ಆಯ್ಕೆ ವಾಟರ್ ಮಿಸ್ಟ್, ಅಂದರೆ ಲವಣ ತೆಗೆದ ನೀರನ್ನು ಮಂಜಿನಂತೆ ಸಿಂಪಡಿಸುವ ಸಿಲಿಂಡರ್. ಅದು ಬಿಸಿ ಹೀರುತ್ತದೆ, ಕಣ್ಣಿಗೆ ಕತ್ತಲು ಕಟ್ಟಿಸುವುದಿಲ್ಲ, ಮನೆ ತುಂಬ ಪುಡಿಯೂ ಆಗುವುದಿಲ್ಲ. ಎಣ್ಣೆಗೆ ಬರಿ ನೀರು ಅಪಾಯ ಅಂದೆನಲ್ಲ, ಅದಕ್ಕೇ ಎಣ್ಣೆಗೂ ವಿದ್ಯುತ್ ಉಪಕರಣಕ್ಕೂ ಪರೀಕ್ಷೆಯಾಗಿದೆಯೇ ಎಂದು ಲೇಬಲ್ ಓದಿ ನೋಡಿ. ಯುರೋಪಿನಲ್ಲಿ ಆ ವಿದ್ಯುತ್ ಪರೀಕ್ಷೆ 35,000 ವೋಲ್ಟ್‌ನಲ್ಲಿ ನಡೆಯುತ್ತದೆ. ವಾಟರ್ ಮಿಸ್ಟ್ ಸಿಗದಿದ್ದರೆ ಎಬಿಸಿ ಪೌಡರ್ ಇರಲಿ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ವಾಹನದಲ್ಲಿ ಇಡಲು, ಬಯಲಲ್ಲಿ ಬಳಸಲು ಪೌಡರ್ರೇ ಸರಿ. ದಿನವಿಡೀ ಎಣ್ಣೆ ಕುದಿಯುವ ದೊಡ್ಡ ಅಡುಗೆಮನೆಗೆ ವೆಟ್ ಕೆಮಿಕಲ್ ಬಿಟ್ಟು ಬೇರೆ ಮಾತಿಲ್ಲ.

ತಂದ ಮೇಲೆ ಸ್ಟೌ ಪಕ್ಕ ತೂಗುಹಾಕಬೇಡಿ, ಹೊರಹೋಗುವ ಬಾಗಿಲ ಹತ್ತಿರ ಇಡಿ. ಬಳಸುವಾಗ ಬೆನ್ನು ಬಾಗಿಲ ಕಡೆಗಿರಲಿ. ಪಿನ್ ಎಳೆಯಿರಿ, ಜ್ವಾಲೆಯ ತುದಿಗಲ್ಲ ಬುಡಕ್ಕೆ ಗುರಿ ಹಿಡಿಯಿರಿ, ಹಿಡಿ ಒತ್ತಿ, ಮೂತಿಯನ್ನು ಆಚೀಚೆ ಆಡಿಸಿ. ಚಿಕ್ಕ ಪೌಡರ್ ಸಿಲಿಂಡರ್ ಹತ್ತು ಸೆಕೆಂಡಿನೊಳಗೆ ಖಾಲಿಯಾಗಿಬಿಡುತ್ತದೆ. ಅಷ್ಟರಲ್ಲಿ ಬೆಂಕಿ ಬಗ್ಗದಿದ್ದರೆ ಅಲ್ಲಿ ನಿಲ್ಲಬೇಡಿ.

ತಿಂಗಳಿಗೊಮ್ಮೆ ಒತ್ತಡ ತೋರಿಸುವ ಮುಳ್ಳು ಹಸಿರು ಗುರುತಿನಲ್ಲಿದೆಯೇ ನೋಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಸಾಮಾನ್ಯವಾಗಿ ಮುಳ್ಳೇ ಇರುವುದಿಲ್ಲ, ಅದನ್ನು ತೂಗಿಯೇ ತಿಳಿಯಬೇಕು. ಸುಮ್ನೆ ಪರೀಕ್ಷೆಗೆಂದು ಒಂದು ಸೆಕೆಂಡ್ ಒತ್ತಿ ನೋಡಿ ಮತ್ತೆ ಗೋಡೆಗೆ ತೂಗುಹಾಕುವವರಿದ್ದಾರೆ. ಪೌಡರ್ ಸಿಲಿಂಡರ್‌ನಲ್ಲಿ ಹಾಗೆ ಮಾಡಿದರೆ ನಾಲ್ಕಾರು ಕಣ ವಾಲ್ವಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಒಳಗಿನ ಒತ್ತಡ ಸದ್ದಿಲ್ಲದೆ ಸೋರಿಹೋಗುತ್ತದೆ. ಒಮ್ಮೆ ಒತ್ತಿದ್ದನ್ನು ಮತ್ತೆ ತುಂಬಿಸಿಯೇ ಇಡಬೇಕು.