ಕಿಡ್ನಿ ಸುತ್ತಲಿನ ಕೊಬ್ಬು ಅಳೆಯಲು ಸಿಟಿ ಸ್ಕ್ಯಾನ್ ಬೇಕಾ?

ಪ್ರಶ್ನೆ: ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದೆ. ಕಿಡ್ನಿ ನಾರ್ಮಲ್ ಅಂತ ರಿಪೋರ್ಟ್ ಬಂತು. ಕಿಡ್ನಿ ಸುತ್ತ ಕೊಬ್ಬು ಜಾಸ್ತಿ ಇದ್ದರೆ ಬಿಪಿ ಏರುತ್ತದೆ ಎಂದು ಓದಿದ್ದೇನೆ. ರಿಪೋರ್ಟ್‌ನಲ್ಲಿ ಅದರ ಮಾತೇ ಇಲ್ಲ. ಸಿಟಿ ಸ್ಕ್ಯಾನ್ ಮಾಡಿಸಲೇ?

ಉತ್ತರ: ಅದೊಂದಕ್ಕೇ ಆದರೆ ಬೇಡ. ರಿಪೋರ್ಟ್ ಬರೆದವರು ಏನನ್ನೂ ಬಿಟ್ಟಿಲ್ಲ. ಈ ಕೊಬ್ಬು ಇಷ್ಟು ಮಿಲಿಮೀಟರ್ ದಾಟಿದರೆ ರೋಗ ಎಂದು ಎಲ್ಲರೂ ಒಪ್ಪಿದ ಗೆರೆ ಇನ್ನೂ ಇಲ್ಲ. ಹಾಗಾಗಿ ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಅದನ್ನು ಅಳೆದು ಬರೆಯುವುದಿಲ್ಲ.

ಕಿಡ್ನಿಯ ಸುತ್ತ ಕೊಬ್ಬು ಎಲ್ಲರಿಗೂ ಇರುತ್ತದೆ, ಇರಲೇಬೇಕು. ಅದು ಕಿಡ್ನಿಗೆ ಮೆತ್ತೆ ಇದ್ದಂತೆ. ತೂಕ ತೀರಾ ಇಳಿದು ಆ ಮೆತ್ತೆ ಕರಗಿದರೆ, ಕೆಲವರಿಗೆ ಎದ್ದು ನಿಂತಾಗ ಕಿಡ್ನಿ ಕೆಳಗೆ ಜಾರುವುದೂ ಉಂಟು. ವಿಪರೀತ ಜಾಸ್ತಿಯಾದಾಗ ಅದೇ ಕೊಬ್ಬು ಕಿಡ್ನಿಯನ್ನೂ ರಕ್ತನಾಳಗಳನ್ನೂ ಒತ್ತಬಹುದು. ಹಾಗೆ ಒತ್ತಿದಾಗ ಕಿಡ್ನಿ ರೆನಿನ್ ಎಂಬ ವಸ್ತುವನ್ನು ಹೆಚ್ಚು ಬಿಡುತ್ತದೆ, ಬಿಪಿ ಏರಲು ಅದು ದಾರಿ ಮಾಡುತ್ತದೆ ಎಂಬುದು ಸಂಶೋಧಕರ ವಿವರಣೆ. ನೀವು ಓದಿದ್ದು ಇದನ್ನೇ ಇರಬೇಕು.

ಇನ್ನು ಅಳತೆ. ಅಲ್ಟ್ರಾಸೌಂಡ್‌ನಲ್ಲೂ ಅಳೆಯಬಹುದು. ಹೊಟ್ಟೆಯ ಪಕ್ಕದಲ್ಲಿ ಪ್ರೋಬ್ ಇಟ್ಟು, ಒಳಗಿನ ಸ್ನಾಯುವಿನಿಂದ ಕಿಡ್ನಿಯ ಮೇಲ್ಮೈವರೆಗಿನ ದೂರ ನೋಡುತ್ತಾರೆ. ಆದರೆ ಕೊಬ್ಬು ಮೆತ್ತಗಿರುತ್ತದಲ್ವಾ, ಪ್ರೋಬ್ ಸ್ವಲ್ಪ ಒತ್ತಿದರೂ ಪದರ ತೆಳ್ಳಗೆ ಕಾಣುತ್ತದೆ. ಉಸಿರಾಡಿದಾಗ ಕಿಡ್ನಿಯೂ ಮೇಲೆ ಕೆಳಗೆ ಸರಿಯುತ್ತದೆ. ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ ವ್ಯತ್ಯಾಸ ಬರುವುದು ಇದರಿಂದಲೇ.

ಸಿಟಿಯಲ್ಲಿ ಕೈಯ ಒತ್ತಡದ ತೊಂದರೆ ಇಲ್ಲ. ಅಲ್ಲಿ ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಎಂಬ ಮಾನದಲ್ಲಿ ಒಂದು ಸಂಖ್ಯೆ ಸಿಗುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ಕೊಬ್ಬನ್ನು ಸಾಮಾನ್ಯವಾಗಿ ಮೈನಸ್ 190ರಿಂದ ಮೈನಸ್ 30ರ ನಡುವೆ ಹುಡುಕುತ್ತಾರೆ. ಆ ಚುಕ್ಕೆಗಳನ್ನು ಎಣಿಸಿದರೆ ಮುಗಿಯಿತು ಎನಿಸುತ್ತದೆ. ನಿಜವಾದ ಕಷ್ಟ ಇರುವುದು ಅಲ್ಲೇ. ಕರುಳಿನ ಸುತ್ತಲಿನ ಕೊಬ್ಬಿಗೂ ಇದೇ ಸಂಖ್ಯೆ ಬರುತ್ತದೆ! ಕಿಡ್ನಿಯ ಕೊಬ್ಬನ್ನು ಬೇರೆ ಮಾಡಿ ಹಿಡಿದಿರುವುದು ಗೆರೋಟಾ ಎಂಬ ತೆಳು ಪೊರೆ. ಅದರಾಚೆಗೂ ಕೊಬ್ಬಿದೆ, ಕಿಡ್ನಿಯ ಒಳಗಿನ ಕುಳಿಯಲ್ಲೂ ಇದೆ. ಚಿತ್ರದಲ್ಲಿ ಆ ಪೊರೆ ಕೂದಲೆಳೆಯಂತೆ ಕಾಣುತ್ತದೆ, ಕೆಲವೆಡೆ ಕಾಣುವುದೇ ಇಲ್ಲ. ಅದರ ಜಾಡು ಹಿಡಿದು ಒಂದೊಂದೇ ಸ್ಲೈಸ್‌ನಲ್ಲಿ (ಸಿಟಿಯ ಅಡ್ಡ ಸೀಳಿನ ಚಿತ್ರದಲ್ಲಿ) ಗೆರೆ ಎಳೆದು ಕೂಡಿಸಿದರೆ ಒಟ್ಟು ಗಾತ್ರ ಸಿಗುತ್ತದೆ. ಇದು ತುಂಬಾ ಹೊತ್ತು ಹಿಡಿಯುವ ಕೆಲಸ. ಅದಕ್ಕೇ ಅನೇಕರು ಕಿಡ್ನಿಯ ರಕ್ತನಾಳ ಕಾಣುವ ಒಂದೇ ಸ್ಲೈಸ್‌ನಲ್ಲಿ, ಕಿಡ್ನಿಯ ಹಿಂಬದಿಯ ಕೊಬ್ಬಿನ ದಪ್ಪವನ್ನಷ್ಟೇ ಅಳೆಯುತ್ತಾರೆ. ಎರಡು ಕಡೆಯ ಅಂಕಿಗಳನ್ನು ಹೋಲಿಸುವಾಗ ಅಳೆದದ್ದು ದಪ್ಪವೋ, ಒಟ್ಟು ಗಾತ್ರವೋ ಎಂದು ಮೊದಲು ಕೇಳಿ.

ಎಂಆರ್‌ಐ ಕೂಡ ನೀರು, ಕೊಬ್ಬನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ವಿಕಿರಣವೂ ಇಲ್ಲ. ಸಮಯ ಮಾತ್ರ ಜಾಸ್ತಿ ಬೇಕು.

ಈ ಅಳತೆ ನಿಜಕ್ಕೂ ಕೆಲಸಕ್ಕೆ ಬರುವುದು ಸರ್ಜನ್‌ಗಳಿಗೆ. ಕಿಡ್ನಿ ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಯುವಾಗ, ಸುತ್ತಲಿನ ಕೊಬ್ಬು ಅಂಟಿಕೊಂಡಿದ್ದರೆ ಬಿಡಿಸುವುದು ಬಹಳ ಕಷ್ಟ. ಕೊಬ್ಬು ಹಾಗೆ ಅಂಟಿರಬಹುದೇ ಎಂದು ಸ್ಕ್ಯಾನ್ ನೋಡಿ ಮೊದಲೇ ಅಂದಾಜಿಸಲು 2014ರಲ್ಲಿ ಬಂದ ಮೇಯೊ ಸ್ಕೋರ್‌ನಲ್ಲಿ ಹಿಂಬದಿಯ ಕೊಬ್ಬು 1 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ 0, 2 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ 2 ಅಂಕ. ಕೊಬ್ಬಿನೊಳಗೆ ಎಳೆ ಎಳೆಯಾಗಿ ಗೆರೆಗಳು ಕಂಡರೆ ಅದಕ್ಕೆ 3 ಅಂಕದವರೆಗೂ ಕೊಡುತ್ತಾರೆ. ದಪ್ಪಕ್ಕಿಂತ ಈ ಗೆರೆಗಳಿಗೇ ತೂಕ ಹೆಚ್ಚು ಎಂದಾಯಿತು.

ನಿಮ್ಮ ಚಿಂತೆ ಬಿಪಿಯದ್ದಾದರೆ, ನೇರವಾಗಿ ಬಿಪಿಯನ್ನೇ ಅಳೆಸಿಕೊಳ್ಳಿ. ಸುಮ್ನೆ ವಿಕಿರಣ ಯಾಕೆ? ಕಲ್ಲಿಗೋ ಬೇರೆ ಯಾವುದಕ್ಕೋ ಹಿಂದೆ ಹೊಟ್ಟೆಯ ಸಿಟಿ ಮಾಡಿಸಿದ್ದರೆ ಆ ಚಿತ್ರಗಳಲ್ಲಿ ಈ ಕೊಬ್ಬೂ ಇದ್ದೇ ಇರುತ್ತದೆ. ಡಾಕ್ಟರಿಗೆ ಬೇಕೆನಿಸಿದರೆ ಹಳೆಯ ಸಿಡಿಯಿಂದಲೇ ಅಳೆಯಲು ರೇಡಿಯಾಲಜಿಸ್ಟ್‌ಗೆ ಹೇಳಬಹುದು.